ಗಿಡ ಮಾರುವವಳು ಕಾಡು ನೋಡಿದ್ದು

ಹೊರಡುವ ಮುಂಚೆ

ನಮ್ಮ ಕಸುಬಿನ ಗುಟ್ಟೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನೆಟ್ಟ ಗಿಡಗಳೆಲ್ಲ ಬದುಕಿಬಿಟ್ಟರೆ ನರ್ಸರಿಯವರು ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ. ದೇವರ ದಯೆಯಿಂದ ಇದುವರೆಗೆ ಹಾಗಾಗಿಲ್ಲ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸರಿ ನಡೆಸುತ್ತಿದ್ದೇನೆ. ಪ್ರತಿ ಜೂನ್‌ನಲ್ಲಿ ಜನ ಬ್ಯಾನರ್ ಸಮೇತ ಬರುತ್ತಾರೆ. ಹೊಂಗೆ, ಬೇವು, ನೇರಳೆ ಒಯ್ಯುತ್ತಾರೆ. ಒಂದು ಗಿಡಕ್ಕೆ ಹನ್ನೊಂದು ಜನ ಕೈ ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ ಬೇಕಾಗುತ್ತದೆ. ಗುಂಡಿ ತೆಗೆಯುವ ಕೆಲಸವಾದರೂ ತಪ್ಪಿತಲ್ಲ ಎಂದು ಎಲ್ಲರಿಗೂ ಸಮಾಧಾನ.

ಇಂಥ ಗಿರಾಕಿಗಳಲ್ಲಿ ದೊಡ್ಡದೊಂದು ಕಂಪನಿ ಇತ್ತು. ಹೆಸರು ಬೇಡ. ಅವರು ಘಾಟಿ ಸುಬ್ರಹ್ಮಣ್ಯದ ಕಡೆ, ನಮ್ಮೂರ ಹಿಂದಿರುವ ಗೋಮಾಳದ ಗುಡ್ಡವನ್ನು ದತ್ತು ತೆಗೆದುಕೊಂಡಿದ್ದರು. ಗುಡ್ಡಕ್ಕೆ ಅಪ್ಪ ಅಮ್ಮ ಇಲ್ಲವೆಂದು ಅವರಿಗೆ ಯಾರು ಹೇಳಿದರೋ. ಜೆಸಿಬಿ ತಂದು ಮುಳ್ಳುಪೊದೆಯನ್ನೆಲ್ಲ ಬೋಳಿಸಿ, ಸಾಲುಸಾಲಾಗಿ ಗಿಡ ನೆಟ್ಟು, ಅದಕ್ಕೆ 'ಕಾಡು' ಎಂದು ಬೋರ್ಡು ಹಾಕುವುದು ಅವರ ಯೋಜನೆ. ಅಷ್ಟೂ ಗಿಡ ನನ್ನ ನರ್ಸರಿಯಿಂದ. ಅಂಥ ಆರ್ಡರ್ ನನಗೆ ಹಿಂದೆ ಬಂದಿರಲಿಲ್ಲ.

ಆ ಕಂಪನಿಯ ಸಮಾಜಸೇವೆ ವಿಭಾಗಕ್ಕೆ ಕಿರಣ್ ಎಂಬ ಮೂವತ್ತರ ಯುವಕ ಮುಖ್ಯಸ್ಥ. ಒಂದು ದಿನ ಬಂದವನೇ, "ಮೇಡಂ, ಕೋಸ್ಟರಿಕಾ ಅಂತ ದೇಶ ಇದೆ. ಒಂದು ಕಾಲದಲ್ಲಿ ಕಾಡೆಲ್ಲ ಕಡಿದಿದ್ರಂತೆ, ಈಗ ವಾಪಸ್ ಬಂದಿದೆಯಂತೆ. ಹೋಗಿ ನೋಡ್ಕೊಂಡು ಬರೋಣ. ನಮ್ ಕಡೆಯಿಂದ ನಾನು, ಊರಿನ ಕಡೆಯಿಂದ ನೀವು," ಅಂದ. ಊರಿನ ಕಡೆಯವರು ಒಬ್ಬರಿದ್ದರೆ ವರದಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಸಿಂಗಪುರಕ್ಕೆಂದು ನಾವೊಂದಿಷ್ಟು ಹೆಂಗಸರು ಮಾಡಿಸಿದ್ದೆವು. ಕೊರೋನಾ ಬಂತು, ಸಿಂಗಪುರ ಹೋಯಿತು, ಪಾಸ್‌ಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ವಾಸನೆ ಕುಡಿಯುತ್ತಾ ಮಲಗಿತ್ತು.

ನರ್ಸರಿಯನ್ನು ಲಕ್ಷ್ಮಮ್ಮನಿಗೆ ಒಪ್ಪಿಸಿದೆ. ಅವಳು ಮೊದಲ ದಿನದಿಂದಲೂ ನನ್ನ ಜೊತೆ ದುಡಿದವಳು. ನರ್ಸರಿ ನಿಜವಾಗಿ ನಡೆಸುವವಳೇ ಅವಳು, ನಾನು ಬಿಲ್ ಬರೆಯುವವಳು.

"ಅಲ್ಲಿ ಗಿಡಕ್ಕೆ ನೀರು ಹೆಂಗ್ ಬಿಡ್ತಾರೆ ಸರಿಯಾಗಿ ನೋಡ್ಕೊಂಡ್ ಬನ್ನಿ ಅಕ್ಕಾ. ನಮ್ ಬೋರ್‌ವೆಲ್ಲು ಕೆಮ್ತಾ ಐತೆ," ಎಂದಳು.

ಸಾನ್ ಹೋಸೆ

ನಮ್ಮ ಮನೆಯ ಮೇಲೆ ಹಗಲೂ ರಾತ್ರಿ ವಿಮಾನ ಹಾರುತ್ತವೆ. ಒಳಗೆ ಕೂತದ್ದು ಅದೇ ಮೊದಲು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಪವರ್‌ಲೂಮ್ ಸದ್ದಿನ ಮೇಲೆ ಮಾತಾಡಿ ಬೆಳೆದವಳು ನಾನು, ನನ್ನ ಪಿಸುಮಾತು ನಾಲ್ಕು ಸಾಲು ದಾಟುತ್ತದೆ. "ಕಿರಣಪ್ಪಾ, ಈ ಬ್ರೆಡ್ಡು ಯಾವ ಕಾಲದ್ದು?" ಎಂದು ಗುಟ್ಟಾಗಿ ಕೇಳಿದ್ದಕ್ಕೆ ಗಗನಸಖಿ ಓಡಿಬಂದಳು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಮತ್ತೆ ಹತ್ತಿ, ಒಂದೇ ಹಗಲು ಮುಗಿಯದೆ ಹಿಗ್ಗಿದ್ದು ಕಂಡು, ಸಾನ್ ಹೋಸೆಯಲ್ಲಿ ಇಳಿದೆವು.

ಬರಿಗೈಲಿ ಹೋಗಬಾರದೆಂದು ಎರಡು ದೇವನಹಳ್ಳಿ ಚಕ್ಕೋತ, ಒಂದು ಪೊಟ್ಟಣ ಹೊಂಗೆಬೀಜ ಇಟ್ಟುಕೊಂಡಿದ್ದೆ. ಅಲ್ಲಿನ ತಪಾಸಣೆಯವನು ಚಕ್ಕೋತವನ್ನು ಮೂಸಿ ನೋಡಿ ಕಣ್ಣರಳಿಸಿದ. ಆಮೇಲೆ ಅದನ್ನೂ ಬೀಜವನ್ನೂ ಎತ್ತಿ ಕೆಂಪು ಡಬ್ಬಿಗೆ ಹಾಕಿ, "ಪುರಾ ವಿದಾ!" ಎಂದು ನಕ್ಕ. ಅದರರ್ಥ 'ಶುದ್ಧ ಬದುಕು' ಅಂತೆ. ಆ ದೇಶದಲ್ಲಿ ನಮಸ್ಕಾರಕ್ಕೂ ಅದೇ, ಥ್ಯಾಂಕ್ಸಿಗೂ ಅದೇ, ನಿಮ್ಮ ಹಣ್ಣು ಕಿತ್ತುಕೊಂಡಿದ್ದಕ್ಕೂ ಅದೇ. ನಮ್ಮ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'ಯ ಹಾಗೆ ಎಲ್ಲ ಕಡೆ ಸಲ್ಲುವ ನಾಣ್ಯ.

ಊರಾಚೆಯ ಬೀಜ ಒಳಗೆ ಬಂದರೆ ಕಾಡು ಕೆಡುತ್ತದೆ ಎಂದು ಕಿರಣ್ ಸಮಜಾಯಿಷಿ ಹೇಳಿದ. ಒಪ್ಪಿದೆ. ಆದರೆ ನಮ್ಮ ಗುಡ್ಡಗಳನ್ನೆಲ್ಲ ನುಂಗಿದ ಲಂಟಾನ ಗಿಡದ ತವರು ಇದೇ ಸೀಮೆ. ಅದು ಬರುವಾಗ ನಮ್ಮ ಕಡೆ ಯಾರೂ ಕೆಂಪು ಡಬ್ಬಿ ಇಟ್ಟುಕೊಂಡು ಕೂತಿರಲಿಲ್ಲ. ಅಲ್ಲಿ ಬೇಲಿ ಪಕ್ಕ ಅದನ್ನು ನೋಡಿದೆ. ಮೊಣಕಾಲೆತ್ತರ, ನಾಲ್ಕು ಹೂ, ಎರಡು ಚಿಟ್ಟೆ. ಎಷ್ಟು ವಿನಯ! ತವರಲ್ಲಿ ತಲೆ ತಗ್ಗಿಸಿಕೊಂಡಿದ್ದು ಗಂಡನ ಮನೆಗೆ ಬಂದಮೇಲೆ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸೊಸೆಯರನ್ನು ನಾನೂ ಕಂಡಿದ್ದೇನೆ.

ಗುವಾನಕಾಸ್ತೆಯ ದಾರಿ

ನಾವು ಹೋಗಬೇಕಾದದ್ದು ವಾಯವ್ಯದ ಗುವಾನಕಾಸ್ತೆ ಎಂಬ ಪ್ರಾಂತ್ಯಕ್ಕೆ. ಕೋಸ್ಟರಿಕಾ ಎಂದರೆ ಮಂಜು, ಜಲಪಾತ, ಬಣ್ಣದ ಕಪ್ಪೆ ಎಂದು ಕಿರಣ್ ಮೊಬೈಲಿನಲ್ಲಿ ತೋರಿಸಿದ್ದ. ಕಾರು ಘಟ್ಟ ಇಳಿದಂತೆ ಮಂಜೂ ಹೋಯಿತು, ಕಪ್ಪೆಯೂ ಹೋಯಿತು. ಒಣಹುಲ್ಲು, ಎಲೆ ಉದುರಿಸಿ ನಿಂತ ಮರ, ಕೆಂಪುಧೂಳು. ಬೇಲಿಗೆ, ಸೊಪ್ಪು ಕೊಯ್ದು ಹೊಲಕ್ಕೆ ಹಾಕುತ್ತೇವಲ್ಲ, ಆ ನಮ್ಮ ಗೊಬ್ಬರದ ಗಿಡ. ಬೇಲಿಯೊಳಗೆ ಡುಬ್ಬ ಇರುವ, ಕೊರಳಡಿ ಗಂಗೆದೊಗಲು ಜೋಲುವ ಬಿಳಿ ದನ. ಅವುಗಳ ಮುತ್ತಜ್ಜಿಯರನ್ನು ಭಾರತದಿಂದಲೇ ಹಡಗಿನಲ್ಲಿ ತಂದಿದ್ದರಂತೆ.

"ಕಿರಣಪ್ಪಾ, ಇದು ನಮ್ಮ ಘಾಟಿ ರೋಡಲ್ವಾ? ಇದನ್ನ ನೋಡಕ್ಕೆ ಎರಡು ದಿನ ಕಾಲು ಮಡಿಸ್ಕೊಂಡ್ ಕೂತಿದ್ವಾ?" ಅಂದೆ.

ಅವನು ಕಿಟಕಿಯಾಚೆ ನೋಡುತ್ತಾ, "ಫೋಟೋಗೆ ಗ್ರೀನ್ ಇಲ್ಲ ಮೇಡಂ," ಎಂದು ಕೊರಗಿದ.

ಆ ದೇಶದಲ್ಲಿ ಮನೆಗಳಿಗೆ ನಂಬರು ಕಡಿಮೆ. ದಾರಿಯಲ್ಲಿ ಕೇಳಿದವರೆಲ್ಲ, ದೊಡ್ಡ ಅತ್ತಿಮರದಿಂದ ಮುನ್ನೂರು ಮೀಟರ್ ಉತ್ತರಕ್ಕೆ ಹೋಗಿ ಎಂದರು. ನಾವು ಅತ್ತಿಮರ ಹುಡುಕಿ ಆ ರಸ್ತೆಯಲ್ಲಿ ನಾಲ್ಕು ಸಲ ಓಡಾಡಿದೆವು. ಮರ ಬಿದ್ದು ಇಪ್ಪತ್ತು ವರ್ಷವಾಯಿತಂತೆ. ಅದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ಯಾರೂ ಹೇಳಲಿಲ್ಲ.

ಅಬೆಲಣ್ಣನ ಜಮೀನು

ನಮ್ಮ ಆತಿಥೇಯರು ದೊನ್ ಅಬೆಲ್. ಎಪ್ಪತ್ತು ದಾಟಿದ ಒಣಕಲು ಆಸಾಮಿ, ತಲೆಗೆ ಹುಲ್ಲಿನ ಟೋಪಿ, ಸೊಂಟಕ್ಕೆ ಮೊಳದುದ್ದದ ಮಚ್ಚು. 'ದೊನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ ಎಂದು ಕಿರಣ್ ಹೇಳಿದಾಗ, ನಾನು ಅಬೆಲಣ್ಣ ಎಂದೇ ಕರೆದೆ. ಅದು ಅವರಿಗೆ ಇಷ್ಟವಾಯಿತು. ಮೊಮ್ಮಗಳು ಮರಿಸೋಲ್ ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಮೇಡಂ. ಅಬೆಲಣ್ಣ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷ್‌ಗೆ ತರುವಳು, ನನಗೆ ಅರ್ಥವಾಗದೆ ಉಳಿದದ್ದನ್ನು ಕಿರಣ್ ಕನ್ನಡಕ್ಕೆ ತರುವನು.

ಈ ಏರ್ಪಾಟಿನ ದೋಷ ಮೊದಲ ದಿನವೇ ಗೊತ್ತಾಯಿತು. ದಾರಿ ಪಕ್ಕದಲ್ಲಿ ಒಂದು ಜಾಲಿಜಾತಿಯ ಗಿಡ, ಮುಳ್ಳುಗಳು ಹೋರಿಯ ಕೊಂಬಿನಂತೆ ದಪ್ಪ. ಗಿಡದ ವಿಷಯದಲ್ಲಿ ನನಗೆ ಯಾರು ಹೇಳಬೇಕು? ಕೊಂಬೆ ಹಿಡಿದು ಬಗ್ಗಿಸಿದೆ. ಆ ಮುಳ್ಳುಗಳೊಳಗೆ ಇರುವೆಗಳು ಸಂಸಾರ ಹೂಡಿರುತ್ತವೆ, ಗಿಡಕ್ಕೆ ಕಾವಲು. ಅಬೆಲಣ್ಣ ಕೂಗಿದರು. ಮರಿಸೋಲ್ ಅದನ್ನು ಇಂಗ್ಲಿಷ್‌ಗೆ ತಂದಳು. ಕಿರಣ್, "ಮೇಡಂ, ಮುಟ್ಟಬೇಡಿ ಅಂತಿದ್ದಾರೆ," ಎನ್ನುವಷ್ಟರಲ್ಲಿ ನನ್ನ ಕೈ ಬೋಂಡದ ಹಾಗೆ ಊದಿತ್ತು. ಅಬೆಲಣ್ಣ ಔಷಧಿ ಹಚ್ಚುತ್ತಾ ಹೇಳಿದ ಮಾತು ಮಾತ್ರ ತಕ್ಷಣ ಅರ್ಥವಾಯಿತು: "ಪುರಾ ವಿದಾ."

ಊಟಕ್ಕೆ ಮೂರು ಹೊತ್ತೂ ಅನ್ನದ ಜೊತೆ ಕರಿಕಾಳು. ಮೂರನೇ ದಿನಕ್ಕೆ ನನಗೆ ಅವರೆಕಾಳು ಸಾರು ಕನಸಿನಲ್ಲಿ ಬಂತು. ಪಲ್ಯಕ್ಕೆ ಒಂದು ಪರಿಚಯದ ಕಾಯಿ ಇತ್ತು, ಸೀಮೆಬದನೆ. ಇಷ್ಟು ವರ್ಷ ಹೆಚ್ಚಿದ್ದೇನೆ, ಅದು ಯಾವ ಸೀಮೆ ಎಂದು ಕೇಳಿಕೊಂಡಿರಲಿಲ್ಲ. ಈ ಸೀಮೆಯೇ ಅಂತೆ.

ಐದು ವರ್ಷ, ಹದಿನೈದು ವರ್ಷ, ಮೂವತ್ತು ವರ್ಷ

ಅಬೆಲಣ್ಣ ಹುಡುಗರಾಗಿದ್ದಾಗ ಅಪ್ಪನ ಜೊತೆ ಸೇರಿ ಆ ಕಾಡನ್ನು ತಾವೇ ಕಡಿದಿದ್ದರು. ದನ ಸಾಕಿ ಮಾಂಸ ಮಾರುವ ಕಾಲ ಅದು. ಮುಂದೆ ಮಾಂಸದ ಬೆಲೆ ಬಿತ್ತು, ಹುಲ್ಲುಗಾವಲು ಹಾಳುಬಿತ್ತು. ಒಂದೊಂದು ತುಂಡನ್ನು ಒಂದೊಂದು ಕಾಲದಲ್ಲಿ ಕೈಬಿಟ್ಟಿದ್ದರಿಂದ, ಆ ಜಮೀನಿನಲ್ಲಿ ನಡೆದರೆ ಒಂದೇ ಬೆಳಗಿನಲ್ಲಿ ಕಾಡು ದೊಡ್ಡದಾಗುವುದನ್ನು ನೋಡಬಹುದು.

ಐದು ವರ್ಷದ ತುಂಡು ನಮ್ಮ ಗುಡ್ಡದ ತದ್ರೂಪು. ಮುಳ್ಳು, ಪೊದೆ, ಬಳ್ಳಿ, ಸೀರೆ ಹರಿಯುವ ಎಲ್ಲ ಸಾಮಗ್ರಿ. ಕಿರಣ್ ಕ್ಯಾಮೆರಾ ಹೊರಗೇ ತೆಗೆಯಲಿಲ್ಲ. ಹದಿನೈದು ವರ್ಷದ್ದರಲ್ಲಿ ಮನೆಯೆತ್ತರದ ಮರಗಳು, ಕಾಲಡಿ ಹುಲ್ಲಿಲ್ಲ. ಮೂವತ್ತು ವರ್ಷದ್ದರೊಳಗೆ ಕಾಲಿಟ್ಟಾಗ ಸೆರಗಿನಿಂದ ಬೆವರು ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ತಂಪು. ಮೇಲೆ ಕರಿಕೋತಿಗಳು ನಮ್ಮ ಗಣೇಶನ ಹಬ್ಬದ ಮೈಕಿನಂತೆ ಅರಚುತ್ತಿದ್ದವು.

"ಯಾವ ನರ್ಸರಿಯಿಂದ ತಂದ್ರಿ?" ಎಂದು ಕೇಳಿದೆ. ಕಸುಬಿನ ಕುತೂಹಲ.

ಅಬೆಲಣ್ಣ ನನ್ನನ್ನು ಬಯಲಿಗೆ ಕರೆದೊಯ್ದು ಕುದುರೆ ಲದ್ದಿಯ ಒಂದು ಗುಡ್ಡೆ ತೋರಿಸಿದರು. ಅದರಲ್ಲಿ ನಾಲ್ಕು ಬೀಜ ಮೊಳಕೆಯೊಡೆದಿದ್ದವು. "ನರ್ಸರಿ ಇದೇ," ಎಂದರು. "ಗಾಳಿ ತರೋ ಬೀಜ ಮೊದಲು ಬರುತ್ತೆ. ಬಯಲಲ್ಲಿ ಒಂದು ಮರ ಉಳಿದಿದ್ರೆ ಸಾಕು, ಹಕ್ಕಿ ಬಂದು ಕೂರುತ್ತೆ, ಬಾವಲಿ ಬರುತ್ತೆ. ಅವು ಉಗಿದದ್ದು, ಹೇತದ್ದು, ಎಲ್ಲಾ ಹುಟ್ಟುತ್ತೆ. ಮೊದಲು ಬಂದ ಮುಳ್ಳುಗಿಡ ಬಿಸಿಲು ತಿಂದು ನೆರಳು ಮಾಡುತ್ತೆ. ನೆರಳು ಬೇಕಾದವು ಅದರ ಕೆಳಗೆ ಬೆಳೀತವೆ. ಅವು ಎದ್ದ ಮೇಲೆ ಮುಳ್ಳುಗಿಡ ಸಾಯುತ್ತೆ. ಅದು ಬರೋದೇ ಸಾಯಕ್ಕೆ."

"ಹಾಗಾದ್ರೆ ಹಳೇ ಕಾಡೇ ವಾಪಸ್ ಬಂತು ಅನ್ನಿ."

"ಇಲ್ಲ," ಎಂದು ತಲೆಯಾಡಿಸಿದರು. ಅಪ್ಪ ಕಡಿಯದೆ ಬಿಟ್ಟಿದ್ದ ಹಳ್ಳದ ಬದಿಯ ತುಂಡನ್ನು ತೋರಿಸಿ, "ಇಲ್ಲಿರೋ ಎಷ್ಟೋ ಜಾತಿ ಆ ಮೂವತ್ತು ವರ್ಷದ್ದರಲ್ಲಿ ಇನ್ನೂ ಕಾಲಿಟ್ಟಿಲ್ಲ. ಬರಬಹುದು. ಅಲ್ಲೀತನಕ ಕಾಯಕ್ಕೆ ನಾನಿರಲ್ಲ, ಕಾಡು ಇರುತ್ತೆ," ಎಂದರು.

ಅವರೂ ಒಂದು ಕಾಲದಲ್ಲಿ ಗಿಡ ನೆಟ್ಟಿದ್ದರು. ಸರ್ಕಾರ ಸಹಾಯಧನ ಕೊಡುತ್ತದೆಂದು ನಾಲ್ಕು ಎಕರೆ ತೇಗ. ಅದೂ ನಮ್ಮ ಕಡೆಯ ಮರವೇ. ಸೈನಿಕರಂತೆ ಸಾಲಾಗಿ ನಿಂತಿತ್ತು, ಒಂದು ಹಕ್ಕಿಯ ದನಿಯಿಲ್ಲ, ಕೆಳಗೆ ಹಪ್ಪಳದಂಥ ಒಣ ಎಲೆ. ಕಿರಣ್‌ಗೆ ಅದೇ ತುಂಬ ಹಿಡಿಸಿತು. "ಎಷ್ಟು ನೀಟಾಗಿದೆ ನೋಡಿ ಮೇಡಂ!" ಎಂದು ಇಪ್ಪತ್ತು ಫೋಟೋ ತೆಗೆದ.

ಆ ಸಂಜೆ ನಾನು ಬೇಗ ಹೋಗಿ ಮಲಗಿದೆ. ಕೈ ನೋವೇ ಎಂದು ಮರಿಸೋಲ್ ಕೇಳಿದಳು, ಹೌದೆಂದೆ. ಇಪ್ಪತ್ತೆರಡು ವರ್ಷ ಕಪ್ಪು ಕವರಿಗೆ ಮಣ್ಣು ತುಂಬಿದವಳಿಗೆ, ಕುದುರೆ ಲದ್ದಿ ನಿನಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದರೆ ಹೇಗಾಗಬೇಡ?

ಆರನೆಯ ದಿನ

ಮಧ್ಯಾಹ್ನ ಗಾಳಿ ಜೋರಾಗಿತ್ತು. ಪಕ್ಕದ ಜಮೀನಿನವನು ಹೊಸ ಹುಲ್ಲು ಬರಲೆಂದು ಬಯಲಿಗೆ ಬೆಂಕಿಯಿಟ್ಟಿದ್ದ. ನಮ್ಮೂರಲ್ಲೂ ಬೇಸಿಗೆಯಲ್ಲಿ ಗುಡ್ಡಕ್ಕೆ ಹಚ್ಚುವುದು ಇದಕ್ಕೇ. ಜಗುಲಿಯಲ್ಲಿ ಕೂತಿದ್ದ ನನಗೆ ಬೇಲಿಯಾಚೆ ಹೊಗೆ ಮಗ್ಗುಲು ಬದಲಿಸಿದ್ದು ಕಂಡಿತು. "ಬೆಂಕೀ!" ಎಂದು ಕೂಗಿದೆ. ಯಾವ ಭಾಷೆಯೆಂದು ಯಾರೂ ಕೇಳಲಿಲ್ಲ.

ಅಬೆಲಣ್ಣ ಪಂಪು ಬೆನ್ನಿಗೇರಿಸಿ ಓಡಿದರು. ಮರಿಸೋಲ್ ಕುಂಟೆಯಿಂದ ನೆಲದ ಎಲೆ ಕೆರೆದು ಬರಿಮಣ್ಣಿನ ದಾರಿ ಮಾಡತೊಡಗಿದಳು. ನಾನು ಗೋಣಿಚೀಲ ಒದ್ದೆ ಮಾಡಿಕೊಂಡು ಹೋದೆ. ಬೆಂಕಿ ಐದು ವರ್ಷದ ತುಂಡಿಗೆ ನುಗ್ಗಿಯಾಗಿತ್ತು. ಪೊದೆಗಳು ಪಟಾಕಿ ಸರದಂತೆ ಸಿಡಿಯುತ್ತಿದ್ದವು. ತಿರುಗಿ ನೋಡಿದರೆ ಕಿರಣ್ ಮೊಬೈಲು ಹಿಡಿದು ನಿಂತಿದ್ದ.

"ಅದನ್ನ ಜೇಬಲ್ಲಿ ಇಟ್ಕೊಂಡು ಬಾರಯ್ಯಾ ಇಲ್ಲಿ!" ಎಂದು ಗದರಿದೆ. ಅಲ್ಲಿಯವರೆಗೆ ಅವನನ್ನು ಹಾಗೆ ಕರೆದಿರಲಿಲ್ಲ. ಬಂದ. ನಿಜಕ್ಕೂ ಬಂದ. ಒಳ್ಳೆಯ ಬೂಟು ಹಾಳುಮಾಡಿಕೊಂಡು, ಕೆಮ್ಮುತ್ತಾ, ನನ್ನ ಪಕ್ಕದಲ್ಲಿ ಇನ್ನೊಂದು ಗೋಣಿ ಹಿಡಿದು ಬಡಿದ.

ಮರಿಸೋಲ್ ಕೆರೆದ ದಾರಿಯ ಹತ್ತಿರ ಬೆಂಕಿ ನಿಂತಿತು. ಹದಿನೈದು ವರ್ಷದ್ದೂ ಮೂವತ್ತರದ್ದೂ ಉಳಿದವು. ಐದು ವರ್ಷದ್ದು ಬೂದಿಯಾಯಿತು. ಅಬೆಲಣ್ಣ ಟೋಪಿ ತೆಗೆದು, ಬೂದಿಯ ಅಂಚಿಗೆ ಹೋಗಿ, ಒಂದು ಸುಟ್ಟ ಬುಡವನ್ನು ಮಚ್ಚಿನಿಂದ ಕೆರೆದು ನೋಡಿದರು. ಪಕ್ಕದವನನ್ನು ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ.

"ಬುಡದಿಂದ ಚಿಗುರುತ್ತೆ," ಎಂದರು. "ನೆಡೋದು ಏನಿಲ್ಲ. ಪ್ರತಿ ಬೇಸಿಗೆ ಬೆಂಕಿ ಬರದ ಹಾಗೆ ಕಾಯೋದು, ಅಷ್ಟೇ ಕೆಲಸ. ಮೂವತ್ತು ವರ್ಷ. ಈ ತುಂಡಿನ ನೆರಳಲ್ಲಿ ನಾನು ಕೂರಲ್ಲ ಬಿಡಿ." ಮೊಮ್ಮಗಳ ತಲೆಯ ಮೇಲಿನ ಬೂದಿ ಕೊಡವಿ, ಕಾಫಿ ಇಡಲು ಹೇಳಿದರು.

ಕಾಫಿ ಬಂತು. ಮೊದಲ ಲೋಟ ಅವರ ಕೈಗೆ ಕೊಟ್ಟೆ.

ನಮ್ಮ ಗುಡ್ಡ

ಊರಿಗೆ ಬಂದು ಒಂದು ವಾರ ಬಾಯಿ ಬಿಡಲಿಲ್ಲ. ಆರ್ಡರ್ ನನ್ನದು, ಸಸಿಗಳು ಆಗಲೇ ಅರ್ಧ ಎದ್ದಿವೆ, ಬಾಯಿ ಮುಚ್ಚಿಕೊಂಡಿದ್ದರೆ ನನಗೇ ಲಾಭ. ಎಂಟನೇ ದಿನ ತಡೆಯಲಾರದೆ ಲಕ್ಷ್ಮಮ್ಮನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಮುಂಭಾಗದಲ್ಲಿ ಬರೀ ಲಂಟಾನ ಮತ್ತು ಹುಲ್ಲು. ಹಿಂಭಾಗದಲ್ಲಿ ಲಕ್ಷ್ಮಮ್ಮ ಒಂದು ಕಾರೆಮುಳ್ಳಿನ ಪೊದೆಯನ್ನು ಕುಡುಗೋಲಿನಿಂದ ಸರಿಸಿದಳು.

"ಇಕಾ ನೋಡಿ, ಗಂಧ. ಹಕ್ಕಿ ಹಾಕಿರೋದು. ಇದು ಜಾಲಾರಿ, ಇದು ಮುತ್ತುಗ. ಇದು ದಿಂಡಿಗ, ಬುಡ ನೋಡಿ, ಎಷ್ಟು ಸಲ ಸುಟ್ಟು ಎಷ್ಟು ಸಲ ಚಿಗುರೈತೆ."

"ನಿಂಗೆ ಇದೆಲ್ಲ ಮೊದಲೇ ಗೊತ್ತಿತ್ತಾ?"

"ಸೌದೆಗೆ ಬರೋಳು ನಾನು, ಗೊತ್ತಿಲ್ದೆ ಏನು? ನೀವ್ಯಾವತ್ತು ಕೇಳಿದ್ರಿ?"

ಮರುದಿನ ಕಂಪನಿಯ ಸಭೆಯಲ್ಲಿ ಹೇಳಿದೆ: ಜೆಸಿಬಿ ಬೇಡ, ಗಿಡವೂ ಬೇಡ, ಲಂಟಾನ ಮಾತ್ರ ಕೈಯಲ್ಲಿ ಕೀಳಿಸಿ, ಬೆಂಕಿ ಕಾಯಲು ಜನ ಇಡಿ, ಮೂವತ್ತು ವರ್ಷ ಬಿಡಿ. ಮೇಲಧಿಕಾರಿಯೊಬ್ಬರು ಬಹಳ ಗೌರವದಿಂದ ಕೇಳಿಸಿಕೊಂಡು, "ಬಟ್ ಮೇಡಂ, ಏನೂ ಮಾಡದೇ ಇರೋದನ್ನ ಉದ್ಘಾಟನೆ ಮಾಡೋದು ಹೇಗೆ?" ಎಂದರು. ನಿಜವಾದ ಪ್ರಶ್ನೆ.

ಆಗ ಕಿರಣ್ ಬಾಯಿ ಹಾಕಿದ. "ಸರ್, ಹಿಂಭಾಗ ಹೇಗಿದ್ರೂ ರೋಡಿಂದ ಕಾಣಲ್ಲ. ಡ್ರೋನ್ ಫೋಟೋದಲ್ಲೂ ಗುಡ್ಡದ ನೆರಳು ಬೀಳುತ್ತೆ. ಅಲ್ಲಿ ನೆಟ್ರೆ ವೇಸ್ಟು. ಮುಂಭಾಗ ಮಾತ್ರ ಮಾಡೋಣ."

ಸಭೆ ಒಪ್ಪಿತು. ಮೂವತ್ತು ವರ್ಷದ ಕಾಡಿನ ಪರವಾಗಿ ನಾನು ಆಡಿದ ಅರ್ಧ ಗಂಟೆಯ ಮಾತು ಮಾಡದ್ದನ್ನು ಒಂದು ನೆರಳು ಮಾಡಿತು. ಹೊರಗೆ ಬಂದಾಗ ಅವನು, "ನನ್ ಕೈಲಿ ಅಷ್ಟೇ ಆಗಿದ್ದು ಮೇಡಂ," ಎಂದ. "ಸಾಕು ಕಣಪ್ಪ," ಎಂದೆ.

ಜೂನ್‌ನಲ್ಲಿ ಮುಂಭಾಗ ಬೋಳಾಯಿತು, ಬ್ಯಾನರ್ ಬಂತು, ಗಿಡ ನೆಟ್ಟರು. ಗಿಡಗಳು ನನ್ನವಲ್ಲ. ಉತ್ಸಾಹವಿಲ್ಲದವರಿಂದ ಕೊಳ್ಳುವುದು ಬೇಡವೆಂದು ಬೇರೆ ನರ್ಸರಿಯಿಂದ ತರಿಸಿದರು. ನಾನು ಬೆಳೆಸಿಟ್ಟಿದ್ದವು ತಾಂಬೂಲದ ಬದಲು ಗಿಡ ಕೊಡುವ ಮದುವೆಮನೆಗಳಿಗೆ ನಿಧಾನವಾಗಿ ಹೋದವು. ಅವನ್ನು ಕಾರಿನ ಡಿಕ್ಕಿಯಲ್ಲಿ ಮರೆಯುತ್ತಾರೆಂದು ಗೊತ್ತು. ಹೊಟ್ಟೆಪಾಡು.

ಜನವರಿಯಲ್ಲಿ ನಾನೂ ಲಕ್ಷ್ಮಮ್ಮನೂ ಊರಿನ ಇನ್ನು ನಾಲ್ಕು ಹೆಂಗಸರೂ ಗುಡ್ಡದ ನೆತ್ತಿಯುದ್ದಕ್ಕೂ ಹುಲ್ಲು ಕೆತ್ತಿ, ಎಲೆ ಗುಡಿಸಿ, ಹತ್ತಡಿ ಅಗಲದ ಬರಿಮಣ್ಣಿನ ದಾರಿ ಮಾಡಿದೆವು. ದಾರಿಹೋಕರೆಲ್ಲ, ಗುಡ್ಡಕ್ಕೂ ರಂಗೋಲಿ ಹಾಕ್ತೀರಾ ಎಂದು ನಕ್ಕರು.

ಮಾರ್ಚ್‌ನ ಒಂದು ಮಧ್ಯಾಹ್ನ ರಸ್ತೆ ಕಡೆಯಿಂದ ಬೆಂಕಿ ಬಂತು. ಬೀಡಿಯೋ, ಬೇಕೆಂದೇ ಹಚ್ಚಿದ್ದೋ ತಿಳಿಯಲಿಲ್ಲ. ಒಣಗಿದ ಸಸಿಗಳ ನಡುವಿನ ಹುಲ್ಲು ಹತ್ತಿಕೊಂಡು, ಕಂಪನಿಯ ಬೋರ್ಡು ಕರಗಿಸಿಕೊಂಡು, ಉರಿ ನೆತ್ತಿಗೇರಿತು. ನಾವು ಆರು ಜನ ಬಿಂದಿಗೆಯಲ್ಲಿ ನೀರು ಹೊತ್ತು ಹತ್ತಿ, ಹೊಂಗೆಸೊಪ್ಪಿನ ಕೊಂಬೆ ಹಿಡಿದು ಬಡಿದೆವು. ಒಂದು ಕಡೆ ಕಿಡಿ ಹಾರಿ ಈಚೆಗೆ ಬಿತ್ತು. ಲಕ್ಷ್ಮಮ್ಮ ಚಪ್ಪಲಿಕಾಲಿನಲ್ಲೇ ತುಳಿದು ಆರಿಸಿದಳು. ಉಳಿದ ಬೆಂಕಿ ಬರಿಮಣ್ಣಿನವರೆಗೆ ಬಂದು, ತಿನ್ನಲು ಏನೂ ಸಿಗದೆ, ಅಲ್ಲೇ ಕುಗ್ಗಿತು.

ಹಿಂಭಾಗ ಹಾಗೇ ಇತ್ತು. ನಾನು ನೆಲದ ಮೇಲೆ ಕುಸಿದು ಕೂತು, ಯಾಕೆಂದು ಗೊತ್ತಿಲ್ಲ, ಅತ್ತೆ. ಅಬೆಲಣ್ಣ ಹೇಳಿದ ಮೂವತ್ತು ವರ್ಷದ ಲೆಕ್ಕವನ್ನು ಬಿಕ್ಕುತ್ತಲೇ ಲಕ್ಷ್ಮಮ್ಮನಿಗೆ ಹೇಳಿದೆ. ಅವಳು ಸುಟ್ಟ ಚಪ್ಪಲಿ ತಿರುಗಿಸಿ ನೋಡುತ್ತಾ ಕೇಳಿಸಿಕೊಂಡಳು.

"ಒಂದು ಬೇಸಿಗೆ ಕಳೀತಲ್ಲ ಅಕ್ಕಾ. ಇನ್ನು ಇಪ್ಪತ್ತೊಂಬತ್ತು."

"ಅಷ್ಟು ಹೊತ್ತಿಗೆ ನಂಗೆ ಎಂಬತ್ನಾಲ್ಕು ಆಗಿರ್ತದೆ ಕಣೇ."

"ಆಗ್ಲಿ ಬಿಡಿ. ಈಗ ಏಳಿ, ಆ ಕಡೆ ಒಂದು ಬೇರು ಇನ್ನೂ ಹೊಗೆ ಆಡ್ತಾ ಐತೆ."

ಎದ್ದು ಬಿಂದಿಗೆ ಎತ್ತಿಕೊಂಡೆ.